ತಾರೀಖಿಲ್ಲದ ನೆನಪುಗಳು

ಬಾಲ್ಯದಲ್ಲಿ ಪೆಟ್ಟು ತಿಂದು ಬೆಳೆದ ಓದುಗರೊಬ್ಬರಿಗೆ ಕಳೆದ ಸಂಚಿಕೆಯಲ್ಲಿ ನಾಲ್ಕೈದು ಸಾಲಿನ ಉತ್ತರ ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಕೆಲವು ಹತ್ತು ಪುಟಗಳಷ್ಟು ಉದ್ದವಾಗಿದ್ದವು. ಇದನ್ನು ಜೀವನದಲ್ಲಿ ಮೊದಲ ಸಲ ಇನ್ನೊಬ್ಬರಿಗೆ ಹೇಳುತ್ತಿದ್ದೇವೆ ಎಂದು ಬರೆದವರೂ ಇದ್ದಾರೆ. ಇಂಥ ವಿಷಯಕ್ಕೆ ನಾಲ್ಕೈದು ಸಾಲು ಸಾಲದು ಎಂಬುದು ನನಗೆ ಮನವರಿಕೆಯಾಯಿತು. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿದ್ದೇನೆ, ಬರೆದವರ ಗುರುತು ಸಿಗಬಹುದಾದ ವಿವರಗಳನ್ನು ತೆಗೆದಿದ್ದೇನೆ.

ಪ್ರಶ್ನೆ: ನನಗೆ 36 ವರ್ಷ. ಚಿಕ್ಕವಳಿದ್ದಾಗ ಅಪ್ಪನಿಗೆ ಯಾವಾಗ ಸಿಟ್ಟು ಬರುತ್ತದೆಂದು ಹೇಳಲಾಗುತ್ತಿರಲಿಲ್ಲ. ಅವರು ಮೆಟ್ಟಿಲು ಹತ್ತುವ ಸಪ್ಪಳದಿಂದಲೇ ಆ ಸಂಜೆ ಹೇಗಿರುತ್ತದೆಂದು ಊಹಿಸುತ್ತಿದ್ದೆ. ಅವರು ತೀರಿಕೊಂಡು 11 ವರ್ಷವಾಯಿತು. ಈಗ ನನಗೆ ಒಳ್ಳೆಯ ಕೆಲಸವಿದೆ, ಗಂಡ ಮೃದು ಸ್ವಭಾವದವರು. ಆದರೂ ಕಚೇರಿಯಲ್ಲಿ ಮೇಲಧಿಕಾರಿ ಸ್ವಲ್ಪ ದನಿ ಏರಿಸಿದರೆ ಕೈಕಾಲು ತಣ್ಣಗಾಗಿ ಬಾಯಿ ಕಟ್ಟಿಹೋಗುತ್ತದೆ. ಮನೆಯಲ್ಲಿ ಗಾಳಿಗೆ ಬಾಗಿಲು ಬಡಿದರೂ ಎದೆಯ ನಡುಕ ನಿಲ್ಲಲು ಗಂಟೆಗಟ್ಟಲೆ ಬೇಕು. ಇಷ್ಟು ವರ್ಷವಾದರೂ ಏಕೆ ಹೀಗೆ? ನಾನು ಅಷ್ಟು ದುರ್ಬಲಳೇ?

ಉತ್ತರ: ಖಂಡಿತ ಅಲ್ಲ. ಹೆಜ್ಜೆಯ ಸಪ್ಪಳದಿಂದ ಒಬ್ಬ ದೊಡ್ಡ ಮನುಷ್ಯನ ಮನಸ್ಸನ್ನು ಓದಲು ಕಲಿತ ಹುಡುಗಿ ತನ್ನ ವಯಸ್ಸಿಗೆ ಮೀರಿದ ಕೆಲಸವನ್ನು ದಿನವೂ ಮಾಡುತ್ತಿದ್ದಳು. ಇನ್ನು ಆ ಕೆಲಸ ಬೇಕಿಲ್ಲ ಎಂಬ ಸುದ್ದಿ ಅವಳಿಗೆ ಇನ್ನೂ ತಲುಪಿಲ್ಲ. ನಿಮ್ಮ ತೊಂದರೆಯನ್ನು ನಾನು ಹೀಗೆ ಅರ್ಥಮಾಡಿಕೊಳ್ಳುತ್ತೇನೆ.

ಮಿದುಳಿನ ಆಳದಲ್ಲಿ ಅಮಿಗ್ಡಲಾ ಎಂಬ ಪುಟ್ಟ ಭಾಗವಿದೆ. ಅಪಾಯದ ಸುಳಿವು ಸಿಕ್ಕೊಡನೆ, ನಾವು ಯೋಚಿಸುವುದಕ್ಕೂ ಮೊದಲೇ, ಅದು ದೇಹವನ್ನು ಎಚ್ಚರಿಸುತ್ತದೆ. ಅಡ್ರಿನಲಿನ್, ಕಾರ್ಟಿಸೋಲ್ ಮೊದಲಾದ ರಸಗಳು ರಕ್ತಕ್ಕೆ ಸೇರಿ, ಎದೆಬಡಿತ ಏರಿ, ದೇಹ ಎದುರಿಸಲು ಇಲ್ಲವೇ ಓಡಲು ಸಿದ್ಧವಾಗುತ್ತದೆ. ಎಂಟು ವರ್ಷದ ಹುಡುಗಿ ತಂದೆಯನ್ನು ಎದುರಿಸಲಾರಳು, ಮನೆ ಬಿಟ್ಟು ಓಡಲೂ ಆರಳು. ಎರಡೂ ದಾರಿ ಮುಚ್ಚಿದಾಗ ದೇಹ ಮೂರನೆಯದನ್ನು ಹಿಡಿಯುತ್ತದೆ, ಮರಗಟ್ಟಿ ನಿಲ್ಲುತ್ತದೆ. ಇಂದು ಕಚೇರಿಯಲ್ಲಿ ನಿಮ್ಮನ್ನು ನಾಚಿಸುವ ಆ ತಣ್ಣನೆಯ ಕೈಕಾಲು, ಕಟ್ಟಿದ ಬಾಯಿ ಅಂದು ನಿಮಗಿದ್ದ ಒಂದೇ ಒಂದು ಆಸರೆಯಾಗಿದ್ದಿರಬೇಕು.

ಇನ್ನು, ಇಷ್ಟು ವರ್ಷವಾದರೂ ಏಕೆ ಎಂಬ ಪ್ರಶ್ನೆ. ಸಾಮಾನ್ಯ ಘಟನೆಯೊಂದು ನೆನಪಾಗಿ ಉಳಿಯುವಾಗ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗವು ಅದು ಎಲ್ಲಿ ನಡೆಯಿತು, ಯಾವಾಗ ನಡೆಯಿತು, ಯಾವುದರ ನಂತರ ಯಾವುದು ಎಂಬ ಗುರುತುಗಳನ್ನು ಅದಕ್ಕೆ ಜೋಡಿಸುತ್ತದೆ. ಭಯ ವಿಪರೀತವಾದಾಗ ಈ ಜೋಡಣೆ ಅರೆಬರೆಯಾಗಬಹುದು. ಆಗ ಸದ್ದು, ವಾಸನೆ, ಹೊಟ್ಟೆಯೊಳಗಿನ ಹಿಡಿತ ಇವು ಮಾತ್ರ ಗಟ್ಟಿಯಾಗಿ ಉಳಿದು, ಅವುಗಳ ಮೇಲೆ ತಾರೀಖು ಬೀಳುವುದೇ ಇಲ್ಲ. ತಾರೀಖಿಲ್ಲದ ನೆನಪಿಗೆ ತಾನು ಹಳೆಯದೆಂದು ಗೊತ್ತಿರುವುದಿಲ್ಲ. ಆದ್ದರಿಂದ ಬಾಗಿಲು ಬಡಿದಾಗ ನಿಮಗೆ ಅಪ್ಪನ ನೆನಪು ಬರುತ್ತದೆ ಎನ್ನುವುದಕ್ಕಿಂತ, ನಿಮ್ಮ ದೇಹ ಆ ಸಂಜೆಯ ಒಳಗೇ ಹೋಗಿ ನಿಲ್ಲುತ್ತದೆ ಎನ್ನುವುದು ಸರಿ. ಹಾವು ಕಚ್ಚಿಸಿಕೊಂಡವರು ಹಗ್ಗ ಕಂಡು ಬೆಚ್ಚುವಾಗ, ಅದು ಹಗ್ಗವೆಂದು ಅವರ ಬುದ್ಧಿಗೆ ಗೊತ್ತಿದ್ದರೂ ದೇಹ ಬುದ್ಧಿಯ ಅಪ್ಪಣೆಗೆ ಕಾಯುವುದಿಲ್ಲ.

ಚಿಕಿತ್ಸೆಯಲ್ಲಿ ನಾವು ಮಾಡುವ ಕೆಲಸದ ತಿರುಳು ಆ ನೆನಪಿಗೆ ಅದರ ತಾರೀಖನ್ನು ಮರಳಿ ಕೊಡುವುದು. ಗಾಯ ಮಾಯುವುದು ಎನ್ನುವ ನಮ್ಮ ಮಾತು ನನಗೆ ತುಂಬ ಇಷ್ಟ. ಮಾಯ್ದ ಗಾಯ ಮಾಯವಾಗಿರುವುದಿಲ್ಲ. ಕಲೆ ಇರುತ್ತದೆ, ಮುಟ್ಟಿದರೆ ಗೊತ್ತಾಗುತ್ತದೆ, ಆದರೆ ಒಸರುವುದಿಲ್ಲ. ನಿಮ್ಮ ಅಪ್ಪನ ಹೆಜ್ಜೆಯ ಸಪ್ಪಳ ನಿಮಗೆ ಕೊನೆಯವರೆಗೂ ನೆನಪಿರಬಹುದು, ಆದರೆ ಅದು ಇಪ್ಪತ್ತೆಂಟು ವರ್ಷದ ಹಿಂದಿನ ಸಪ್ಪಳವಾಗಿ ಕೇಳಿಸಬೇಕು.

ಇದನ್ನು ಇಂದಿನಿಂದಲೇ ಸಣ್ಣದಾಗಿ ಆರಂಭಿಸಬಹುದು. ಬಾಗಿಲು ಬಡಿದು ನಡುಕ ಬಂದಾಗ ಅದನ್ನು ಅದುಮಿಡಲು ಹೋಗದೆ, ಈಗ ಯಾವ ವರ್ಷ, ನಿಮಗೆಷ್ಟು ವಯಸ್ಸು, ನೀವು ಯಾರ ಮನೆಯಲ್ಲಿದ್ದೀರಿ ಎಂಬುದನ್ನು ಬಾಯಿಬಿಟ್ಟು ಹೇಳಿಕೊಳ್ಳಿ. ಕತ್ತನ್ನು ನಿಧಾನವಾಗಿ ತಿರುಗಿಸಿ ಕೋಣೆಯನ್ನು ಪೂರ್ತಿ ನೋಡಿ. ಅಂದಿನ ಮನೆಯಲ್ಲಿ ಇಲ್ಲದಿದ್ದ ಐದು ವಸ್ತುಗಳನ್ನು ಹೆಸರಿಸಿ. ಅಂಗಾಲುಗಳನ್ನು ನೆಲಕ್ಕೆ ಒತ್ತಿ, ಉಸಿರನ್ನು ಒಳಗೆಳೆದುದಕ್ಕಿಂತ ಹೆಚ್ಚು ಹೊತ್ತು ಹೊರಗೆ ಬಿಡಿ. ಉಸಿರು ಬಿಡುವಾಗ ವೇಗಸ್ ಎಂಬ ನರದ ಪ್ರಭಾವದಿಂದ ಎದೆಬಡಿತ ತುಸು ನಿಧಾನವಾಗುತ್ತದೆ. ಇದು ಕೇವಲ ಸಮಾಧಾನದ ಮಾತಲ್ಲ, ದೇಹದ ಕ್ರಮವೇ ಹಾಗಿದೆ. ಕಚೇರಿಗಾಗಿ ಒಂದು ವಾಕ್ಯವನ್ನು ಮೊದಲೇ ಬಾಯಿಪಾಠ ಮಾಡಿಟ್ಟುಕೊಳ್ಳಿ: "ಇದನ್ನು ನೋಡಿಕೊಂಡು ನಾಳೆ ಉತ್ತರ ಕೊಡುತ್ತೇನೆ." ಮರಗಟ್ಟಿದ ಹೊತ್ತಿನಲ್ಲಿ ಹೊಸ ಮಾತು ಹುಟ್ಟುವುದಿಲ್ಲ, ಆದರೆ ಕಂಠಪಾಠವಾದದ್ದು ಹೊರಬರುತ್ತದೆ. ನಡುಕ ಪೂರ್ತಿ ನಿಂತಿತೇ ಎಂದು ಅಳೆಯಲು ಹೋಗಬೇಡಿ. ಎಷ್ಟು ಹೊತ್ತಿನಲ್ಲಿ ನಿಂತಿತು ಎಂಬುದನ್ನು ಬರೆದಿಡಿ. ಮೂರು ಗಂಟೆಯಿದ್ದದ್ದು ನಲವತ್ತು ನಿಮಿಷಕ್ಕೆ ಇಳಿದರೆ ದೊಡ್ಡ ಬದಲಾವಣೆಯೇ ಆಗಿದೆ ಎಂದು ತಿಳಿಯಿರಿ. ಕೆಲವು ತಿಂಗಳಾದರೂ ಇಳಿಯದಿದ್ದರೆ ಚಿಕಿತ್ಸಕರ ನೆರವು ಬೇಕು. ಅದರ ಬಗ್ಗೆ ಮುಂದೆ ಬರೆದಿದ್ದೇನೆ.

ಪ್ರಶ್ನೆ: ನನಗೆ 42. ನಮ್ಮ ಮನೆಯಲ್ಲಿ ನನ್ನನ್ನು ಯಾರೂ ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ಬಟ್ಟೆ, ಪುಸ್ತಕ, ಶಾಲೆಯ ಶುಲ್ಕ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ನನ್ನನ್ನು ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಜ್ವರ ಬಂದರೆ ಮಾತ್ರೆ ಕೊಟ್ಟು ಬಾಗಿಲು ಮುಚ್ಚುತ್ತಿದ್ದರು. ಇವತ್ತಿಗೂ ನನಗೇನು ಬೇಕು ಎಂದು ಯಾರಾದರೂ ಕೇಳಿದರೆ ಉತ್ತರ ಹೊಳೆಯುವುದಿಲ್ಲ. ಹೆಂಡತಿ ಇದರಿಂದ ನೊಂದಿದ್ದಾಳೆ. ಇದನ್ನು ಆಘಾತ ಎನ್ನಬಹುದೇ, ಅಥವಾ ನಿಜವಾಗಿ ಕಷ್ಟಪಟ್ಟವರ ಮುಂದೆ ನಾನು ಸುಮ್ಮನೆ ಅಳುತ್ತಿದ್ದೇನೆಯೇ?

ಉತ್ತರ: ನಿಮ್ಮ ಪತ್ರದಲ್ಲಿ "ಬಾಗಿಲು ಮುಚ್ಚುತ್ತಿದ್ದರು" ಎಂಬ ಮಾತು ಬಂದ ಕಡೆ ನಾನು ಓದುವುದನ್ನು ನಿಲ್ಲಿಸಿ ತುಸು ಹೊತ್ತು ಕುಳಿತೆ. ಅಮೆರಿಕದಲ್ಲಿ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಎಂಬ ವೈದ್ಯರು 17,000ಕ್ಕೂ ಹೆಚ್ಚು ವಯಸ್ಕರ ಬಾಲ್ಯವನ್ನು ಕುರಿತು ನಡೆಸಿದ ದೊಡ್ಡ ಅಧ್ಯಯನವೊಂದಿದೆ. ಅದರ ಮೊದಲ ವರದಿ 1998ರಲ್ಲಿ ಪ್ರಕಟವಾಯಿತು. ಬಾಲ್ಯದ ಪ್ರತಿಕೂಲ ಅನುಭವಗಳೆಂದು ಅವರು ಕೊನೆಗೆ ಗುರುತಿಸಿದ ಹತ್ತು ಬಗೆಗಳಲ್ಲಿ ಹೊಡೆತ, ಲೈಂಗಿಕ ದೌರ್ಜನ್ಯ, ಮನೆಯಲ್ಲಿನ ಹಿಂಸೆ ಇವುಗಳ ಜೊತೆಗೇ ಭಾವನಾತ್ಮಕ ನಿರ್ಲಕ್ಷ್ಯವೂ ಇದೆ. ಆದ್ದರಿಂದ ನೀವು ಯಾರ ಪಾಲಿನ ದುಃಖವನ್ನೂ ಕಸಿದುಕೊಳ್ಳುತ್ತಿಲ್ಲ.

ನಿರ್ಲಕ್ಷ್ಯದ ಕಷ್ಟವೆಂದರೆ ಅದಕ್ಕೆ ತೋರಿಸಲು ಘಟನೆಯೇ ಇರುವುದಿಲ್ಲ. ಪೆಟ್ಟು ತಿಂದವರು ಇಂಥ ದಿನ, ಇಂಥ ಜಾಗ ಎನ್ನಬಲ್ಲರು. ನಡೆಯಬೇಕಾದದ್ದು ನಡೆಯದೆ ಹೋದವರಿಗೆ ಬೆರಳಿಟ್ಟು ತೋರಿಸಲು ಏನೂ ಸಿಗದೆ, ಕೊರತೆ ತಮ್ಮಲ್ಲೇ ಇದೆ ಎನ್ನಿಸತೊಡಗುತ್ತದೆ. ಮಗುವಿಗೆ ತನ್ನೊಳಗಿನದು ತಿಳಿಯುವುದು ಹೊರಗಿನವರ ಮೂಲಕ. ಅಳುವ ಮಗುವನ್ನು ಎತ್ತಿಕೊಂಡವರು "ಹೆದರಿಕೆಯಾಯಿತೇ?" ಎಂದು ಕೇಳಿದಾಗ ತನಗಾದದ್ದು ಹೆದರಿಕೆಯೆಂದು ಅದು ಕಲಿಯುತ್ತದೆ. ಹಾಗೆ ಕೇಳುವವರಿಲ್ಲದೆ ಬೆಳೆದ ಮಗು, ಏನು ಬೇಕು ಎನ್ನುವ ಪ್ರಶ್ನೆಗೆ ನಲವತ್ತೆರಡರಲ್ಲಿಯೂ ತಡವರಿಸುವುದು ಸಹಜ. ಆ ಭಾಷೆಯನ್ನು ನಿಮಗೆ ಯಾರೂ ಕಲಿಸಲಿಲ್ಲ. ಅದನ್ನು ಈಗ ಕಲಿಯಬಹುದು ಎಂದು ನಾನು ಭರವಸೆಯಿಂದ ಹೇಳುತ್ತೇನೆ, ಏಕೆಂದರೆ ಕಲಿತವರನ್ನು ಕಣ್ಣಾರೆ ಕಂಡಿದ್ದೇನೆ.

ಆರಂಭ ತೀರ ಚಿಕ್ಕದಾಗಿರಲಿ. ದಿನಕ್ಕೆ ಮೂರು ಸಲ, ಸೆಕೆ, ಚಳಿ, ದಣಿವು, ಬಿಗಿತ ಇಂಥ ಸರಳ ಪದಗಳಲ್ಲಿ ನಿಮ್ಮ ದೇಹದ ಸ್ಥಿತಿಯನ್ನು ಒಂದು ಹಾಳೆಯಲ್ಲಿ ಬರೆಯಿರಿ. ಸಂತೋಷ, ದುಃಖ ಮುಂತಾದ ದೊಡ್ಡ ಪದಗಳಿಗೆ ಆಮೇಲೆ ಹೋಗೋಣ. ಮತ್ತೆ, ಹೆಂಡತಿ ಪ್ರಶ್ನೆ ಕೇಳಿದಾಗ "ಏನೂ ಇಲ್ಲ" ಎನ್ನುವ ಬದಲು "ನನಗಿನ್ನೂ ಗೊತ್ತಾಗುತ್ತಿಲ್ಲ, ಆದರೆ ನೀನು ಕೇಳಿದ್ದು ಒಳ್ಳೆಯದಾಯಿತು" ಎನ್ನಿ. ಮೊದಲನೆಯ ಉತ್ತರ ಮುಚ್ಚಿದ ಬಾಗಿಲಿನಂತೆ ಕೇಳಿಸುತ್ತದೆ, ನಿಮಗೆ ಬಾಗಿಲು ಮುಚ್ಚಿದಂತೆಯೇ.

ಪ್ರಶ್ನೆ: ಮೊಬೈಲಿನಲ್ಲಿ ಹತ್ತು ಪ್ರಶ್ನೆಗಳಿಗೆ ಉತ್ತರಿಸಿ ನನ್ನ ಬಾಲ್ಯದ ಅಂಕ ಲೆಕ್ಕ ಹಾಕಿದೆ. ಆರು ಬಂತು. ನಾಲ್ಕು ದಾಟಿದವರಿಗೆ ಕಾಯಿಲೆಗಳು ಖಚಿತ ಎಂದು ಎಲ್ಲೋ ಓದಿದ ಮೇಲೆ ನಿದ್ದೆ ಬರುತ್ತಿಲ್ಲ. ವಯಸ್ಸು 27.

ಉತ್ತರ: ಮೇಲೆ ಹೇಳಿದ ಅಧ್ಯಯನದಿಂದಲೇ ಹುಟ್ಟಿದ ಅಂಕವಿದು. ಪ್ರತಿಕೂಲ ಅನುಭವಗಳಲ್ಲಿ ನಾಲ್ಕು ಅಥವಾ ಹೆಚ್ಚು ಬಗೆಗಳನ್ನು ಕಂಡವರಲ್ಲಿ ಮದ್ಯವ್ಯಸನ, ಖಿನ್ನತೆ, ಆತ್ಮಹತ್ಯೆಯ ಪ್ರಯತ್ನ ಮೊದಲಾದವುಗಳ ಸಾಧ್ಯತೆ, ಏನನ್ನೂ ಕಾಣದವರಿಗಿಂತ 4ರಿಂದ 12 ಪಟ್ಟು ಹೆಚ್ಚಿತ್ತು ಎಂಬುದು ನಿಜ. ಆದರೆ ಸಾವಿರಾರು ಜನರ ಗುಂಪಿನ ಬಗ್ಗೆ ಹೇಳಿದ ಮಾತನ್ನು ಒಬ್ಬ ವ್ಯಕ್ತಿಯ ಜಾತಕದಂತೆ ಓದಬಾರದು. ಆ ಅಂಕವನ್ನು ವ್ಯಕ್ತಿಗಳ ಭವಿಷ್ಯ ಹೇಳಲು ಬಳಸುವುದು ತಪ್ಪೆಂದು ಸ್ವತಃ ಆಂಡಾ ಅವರೇ 2020ರಲ್ಲಿ ಸಹೋದ್ಯೋಗಿಗಳೊಡನೆ ಬರೆದು ಎಚ್ಚರಿಸಿದ್ದಾರೆ. ಒಂದು ಅನುಭವ ಎಷ್ಟು ವರ್ಷ ನಡೆಯಿತು, ಎಷ್ಟು ತೀವ್ರವಾಗಿತ್ತು, ಆಗ ನಿಮ್ಮ ಪಕ್ಕ ಯಾರಿದ್ದರು ಎಂಬುದನ್ನು ಆ ಹತ್ತು ಪ್ರಶ್ನೆಗಳು ಕೇಳುವುದೇ ಇಲ್ಲ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನೋವಿಜ್ಞಾನಿ ಎಮ್ಮಿ ವರ್ನರ್ ಮತ್ತು ಅವರ ಸಂಗಡಿಗರು ನಡುವಯಸ್ಸಿನವರೆಗೂ ಗಮನಿಸುತ್ತ ಬಂದರು. ಬಡತನ, ಜಗಳ, ಪಾಲಕರ ಕಾಯಿಲೆಯಂಥ ಹಲವು ಕಷ್ಟಗಳ ನಡುವೆ ಬೆಳೆದವರಲ್ಲಿ ಸುಮಾರು ಮೂರನೆಯ ಒಂದು ಪಾಲಿನವರು ಸಮರ್ಥರಾದ, ಅಕ್ಕರೆಯುಳ್ಳ ವಯಸ್ಕರಾದರು. ಅವರ ಬದುಕಿನಲ್ಲಿ ಮತ್ತೆ ಮತ್ತೆ ಕಂಡುಬಂದದ್ದು, ನೆಚ್ಚಬಹುದಾದ ಒಬ್ಬರಾದರೂ ಹಿರಿಯರ ಜೊತೆಗಿದ್ದ ಗಟ್ಟಿ ನಂಟು. ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ಉಳಿದವರ ಕತೆ. ಹದಿಹರೆಯದಲ್ಲಿ ದಾರಿ ತಪ್ಪಿದವರೆಂದು ಕಂಡ ಅನೇಕರು ಮೂವತ್ತು, ನಲವತ್ತರ ಹೊತ್ತಿಗೆ ಒಳ್ಳೆಯ ಸಂಗಾತಿ, ಓದು ಅಥವಾ ನೆಚ್ಚಿನ ಸಮುದಾಯದ ಮೂಲಕ ಚೇತರಿಸಿಕೊಂಡಿದ್ದರು. ನಿಮಗಿನ್ನೂ 27. ಆ ಪುಟವನ್ನು ಮತ್ತೆ ತೆರೆಯಬೇಡಿ. ನಿದ್ದೆ ಎರಡು ವಾರವಾದರೂ ಸರಿಹೋಗದಿದ್ದರೆ ವೈದ್ಯರನ್ನು ಕಾಣಿ.

ಪ್ರಶ್ನೆ: ಹತ್ತು ವರ್ಷಕ್ಕೆ ಮುಂಚಿನ ಯಾವುದೂ ನನಗೆ ನೆನಪಿಲ್ಲ. ಸಂಮೋಹನದಿಂದ ಹೂತುಹೋದ ನೆನಪನ್ನು ಹೊರತೆಗೆದರೆ ಮಾತ್ರ ಗುಣವಾಗುತ್ತದೆ ಎಂದು ಒಬ್ಬರು ಹೇಳಿದ್ದಾರೆ. ಹೋಗಬಹುದೇ?

ಉತ್ತರ: ಹೋಗಬೇಡಿ. ಬಾಲ್ಯದ ನೆನಪು ವಿರಳವಾಗಿರುವುದಕ್ಕೆ ಕಾರಣಗಳು ಹಲವು. ನೆನಪಿಲ್ಲ ಎನ್ನುವುದೊಂದೇ ಭಯಂಕರವಾದದ್ದು ನಡೆದಿರಬೇಕು ಎಂಬುದಕ್ಕೆ ಸಾಕ್ಷಿಯಾಗದು. ನೆನಪು ಪೆಟ್ಟಿಗೆಯಲ್ಲಿಟ್ಟ ಚಿತ್ರವಲ್ಲ, ಪ್ರತಿ ಸಲ ನೆನೆಯುವಾಗಲೂ ನಾವು ಅದನ್ನು ಮತ್ತೆ ಕಟ್ಟುತ್ತೇವೆ. ಕಟ್ಟುವಾಗ ಇತರರ ಸೂಚನೆಗಳು ಒಳಗೆ ಸೇರಿಕೊಳ್ಳುತ್ತವೆ. ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ ಅವರು 1995ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಚಿಕ್ಕಂದಿನಲ್ಲಿ ಅಂಗಡಿ ಸಂಕೀರ್ಣದಲ್ಲಿ ಕಳೆದುಹೋಗಿದ್ದಿರಿ ಎಂಬ ನಡೆಯದ ಸಂಗತಿಯನ್ನು ಹೇಳಿದಾಗ, 24 ಜನರಲ್ಲಿ ಸುಮಾರು ಕಾಲುಭಾಗದವರು ಅದು ಪೂರ್ತಿಯಾಗಿಯೋ ಅರೆಬರೆಯಾಗಿಯೋ ನೆನಪಿದೆ ಎಂದರು. ಸಂಮೋಹನದಲ್ಲಿ ಸೂಚನೆಗೆ ಒಳಗಾಗುವ ಸಾಧ್ಯತೆ ಇನ್ನೂ ಹೆಚ್ಚು. ನೋವಿಗೆ ಕಾರಣ ಹುಡುಕಲು ಹೋಗಿ ಇಲ್ಲದ ನೋವೊಂದನ್ನು ತಲೆಯ ಮೇಲೆ ಹೊತ್ತು ಬರುವುದು ಬೇಡ.

ಇಷ್ಟು ಹೇಳಿದ ಮಾತ್ರಕ್ಕೆ, ಎಂದೂ ಮರೆಯದೆ ಹೊತ್ತು ತಿರುಗುವವರ ಅಥವಾ ತಾನಾಗಿಯೇ ಮರುಕಳಿಸಿದ ನೆನಪಿನಿಂದ ತತ್ತರಿಸುವವರ ಮಾತನ್ನು ಸುಳ್ಳೆಂದು ತಳ್ಳಿಹಾಕಲು ಯಾರಿಗೂ ಅಧಿಕಾರವಿಲ್ಲ. ನಾನು ಎಚ್ಚರಿಸುತ್ತಿರುವುದು ಅಗೆದು ತೆಗೆಯುವ ವಿಧಾನದ ಬಗ್ಗೆ. ಗುಣವಾಗಲು ಎಲ್ಲವೂ ನೆನಪಾಗಬೇಕಿಲ್ಲ. ಇಂದು ನಿಮ್ಮನ್ನು ಏನು ಕಾಡುತ್ತಿದೆಯೋ ಅಲ್ಲಿಂದ ಕೆಲಸ ಆರಂಭಿಸಿದರೆ ಸಾಕು.

ಪ್ರಶ್ನೆ: ನನಗೆ 51 ವರ್ಷ. ತಾಯಿಗೆ 79. ನಾನು ಚಿಕ್ಕವಳಿದ್ದಾಗ ಆಕೆ ನನ್ನನ್ನು ಹೊಡೆದದ್ದು, ಕೋಣೆಯಲ್ಲಿ ಕೂಡಿಹಾಕಿದ್ದು, ತಂಗಿಯ ಮುಂದೆ ಹೀಯಾಳಿಸಿದ್ದು ಒಂದೂ ಮರೆತಿಲ್ಲ. ಈಗ ಆಕೆ ಹಾಸಿಗೆ ಹಿಡಿದಿದ್ದಾರೆ, ನೋಡಿಕೊಳ್ಳುವವಳು ನಾನೇ. ಬಂಧುಗಳೆಲ್ಲ "ಆದದ್ದಾಯಿತು, ಕ್ಷಮಿಸಿಬಿಡು, ನಿನಗೇ ನೆಮ್ಮದಿ" ಎನ್ನುತ್ತಾರೆ. ನನ್ನಿಂದ ಆಗುತ್ತಿಲ್ಲ. ಕ್ಷಮಿಸದೆ ನನಗೆ ಬಿಡುಗಡೆಯಿಲ್ಲವೇ?

ಉತ್ತರ: ಇದೆ. ಕ್ಷಮೆ ಒಳಗಿನಿಂದ ತಾನಾಗಿ ಬಂದರೆ ಬರಲಿ, ಬಾರದಿದ್ದರೆ ಅದು ನಿಮ್ಮ ಸೋಲಲ್ಲ. ಹೇರಿದ ಕ್ಷಮೆಯಿಂದ ಆಗುವುದು ಒಂದೇ: ಅಂದು ಅಳಬಾರದು ಎಂದು ಬಾಯಿ ಮುಚ್ಚಿಸಿಕೊಂಡ ಹುಡುಗಿಯನ್ನು ಇಂದು ಮತ್ತೊಮ್ಮೆ ಸುಮ್ಮನಾಗಿಸುವುದು. ಬಂಧುಗಳು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿರಬಹುದು. ಆದರೆ ಅಂದು ಕಂಡೂ ಕಾಣದಂತಿದ್ದವರು ಅವರಲ್ಲಿ ಕೆಲವರಾದರೂ ಇರುತ್ತಾರೆ ಎಂಬುದನ್ನೂ, ನೀವು ಕ್ಷಮಿಸಿದರೆ ಅವರ ಮನಸ್ಸೂ ಹಗುರವಾಗುತ್ತದೆ ಎಂಬುದನ್ನೂ ನಾನು ಬಹಳ ಕುಟುಂಬಗಳಲ್ಲಿ ನೋಡಿದ್ದೇನೆ.

ನಿಮಗೆ ಬೇಕಾಗಿರುವುದು ಶೋಕಿಸುವ ಅವಕಾಶ. ಬದುಕಿರುವ ತಾಯಿಯ ಪಕ್ಕದಲ್ಲಿ ಕುಳಿತು, ತನಗೆ ಸಿಗದೆ ಹೋದ ತಾಯಿಗಾಗಿ ಶೋಕಿಸುವುದು ವಿಚಿತ್ರವೆನ್ನಿಸಬಹುದು. ಆದರೆ ನಿಮ್ಮ ಪತ್ರವಿಡೀ ಅದೇ ತುಂಬಿದೆ. ಆಕೆಗೆ ಔಷಧಿ ಕುಡಿಸುವಾಗಲೆಲ್ಲ "ಈಗಲಾದರೂ ಒಂದು ಮಾತು ಹೇಳುತ್ತಾಳೇನೋ" ಎಂದು ಮುಖ ನೋಡುತ್ತೇನೆ ಎಂದಿದ್ದೀರಿ. ಆ ಮಾತು ಬಾರದೇ ಹೋಗಬಹುದು. ಹೀಗೆ ಬರೆಯಲು ನನಗೆ ಕಷ್ಟವಾಗುತ್ತಿದೆ. ಆದರೆ ಬಾರದ ಮಾತಿಗೆ ಕಾಯುವುದರಲ್ಲಿ ನಿಮ್ಮ ಐವತ್ತು ವರ್ಷಗಳು ಸವೆದಿವೆ, ಮತ್ತು ನಿಮ್ಮ ಗುಣವಾಗುವಿಕೆ ಆಕೆಯ ಪಶ್ಚಾತ್ತಾಪವನ್ನು ಅವಲಂಬಿಸಿರಬಾರದು. ಆ ಕಾಯುವಿಕೆಗೆ ಸಾಕ್ಷಿಯಾಗಿ ಒಬ್ಬರು ಬೇಕು. ತಂಗಿಯೊಡನೆ ಈಗ ಮಾತು ಚೆನ್ನಾಗಿದೆ ಎಂದಿದ್ದೀರಿ. ಅಂದು ಕಂಡದ್ದನ್ನು ಆಕೆ ತನ್ನ ಬಾಯಲ್ಲಿ ಒಮ್ಮೆ ಹೇಳಿದರೆ, "ಹೌದು, ಹಾಗೆಯೇ ನಡೆಯಿತು" ಎಂದರೆ, ಅದರ ಬೆಲೆ ನಾನು ಬರೆಯುವ ನೂರು ಸಾಲುಗಳಿಗಿಲ್ಲ.

ಶುಶ್ರೂಷೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಆಕೆಯನ್ನು ಉಪವಾಸ ಕೆಡವದೆ, ನೋವಿನಲ್ಲಿ ಬಿಡದೆ ನೋಡಿಕೊಳ್ಳುವ ವ್ಯವಸ್ಥೆಯಾಗಬೇಕು. ಅದೆಲ್ಲವೂ ನಿಮ್ಮ ಕೈಯಿಂದಲೇ ಆಗಬೇಕು ಎಂದೇನಿಲ್ಲ. ಸ್ನಾನ ಮಾಡಿಸುವಾಗ, ಮೈ ಒರೆಸುವಾಗ ಹಳೆಯ ನಡುಕ ಮರುಕಳಿಸುತ್ತದೆ ಎಂದು ಬರೆದಿದ್ದೀರಿ. ಆ ಕೆಲಸವನ್ನು ಬೇರೆಯವರಿಗೆ ವಹಿಸಿ, ಕೊಠಡಿಯ ಹೊರಗಿನ ಕೆಲಸಗಳನ್ನು ನೀವಿಟ್ಟುಕೊಳ್ಳಿ. ಆಕೆ ಹೀಯಾಳಿಸಿದರೆ "ಹೀಗೆ ಮಾತಾಡಿದರೆ ನಾನು ಹೊರಗೆ ಹೋಗುತ್ತೇನೆ" ಎಂದು ಶಾಂತವಾಗಿ ಹೇಳಿ, ನಿಜವಾಗಿಯೂ ಹೊರಗೆ ಹೋಗಿ. ಇಂದು ಆ ಕೋಣೆಯ ಬಾಗಿಲ ಚಿಲಕ ನಿಮ್ಮ ಕೈಯಲ್ಲಿದೆ.

ಪ್ರಶ್ನೆ: ಮೊನ್ನೆ ಐದು ವರ್ಷದ ಮಗನ ಮೇಲೆ ಕೂಗಾಡಿದೆ. ಅವನು ಗೋಡೆಗೆ ಒತ್ತಿಕೊಂಡು ನಿಂತ. ಅಪ್ಪನ ಎದುರು ನಾನು ನಿಲ್ಲುತ್ತಿದ್ದುದು ಹಾಗೆಯೇ. ನನಗೆ ಸಿಕ್ಕಿದ್ದನ್ನೇ ಅವನಿಗೂ ದಾಟಿಸುತ್ತೇನೆಯೇ?

ಉತ್ತರ: ದಾಟಿಸಲೇಬೇಕೆಂಬ ವಿಧಿಯೇನೂ ಇಲ್ಲ. 1987ರಲ್ಲಿ ಜೋನ್ ಕಾಫ್ಮನ್ ಮತ್ತು ಎಡ್ವರ್ಡ್ ಝಿಗ್ಲರ್ ಎಂಬ ಮನೋವಿಜ್ಞಾನಿಗಳು ಅಂದಿನ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಬಾಲ್ಯದಲ್ಲಿ ದೌರ್ಜನ್ಯ ಕಂಡವರಲ್ಲಿ ಅದನ್ನು ಮಕ್ಕಳ ಮೇಲೆ ಮರುಕಳಿಸುವವರು ಸುಮಾರು ಶೇ 30 ಎಂದು ಅಂದಾಜಿಸಿದರು. ಸಾಮಾನ್ಯರಿಗಿಂತ ಇದು ಹೆಚ್ಚೇ; ಆದರೆ ಬಹುಪಾಲು ಜನ ಮರುಕಳಿಸುವುದಿಲ್ಲ ಎಂಬುದೂ ಅದೇ ಲೆಕ್ಕದಲ್ಲಿದೆ. ಗೋಡೆಗೆ ಒತ್ತಿಕೊಂಡ ಮಗನನ್ನು ನೀವು ಕಂಡಿರಿ, ನಿಮ್ಮನ್ನೇ ನೆನೆದಿರಿ. ನಿಮ್ಮ ಅಪ್ಪ ಕಾಣದೆ ಹೋದದ್ದು ಅದನ್ನೇ.

ಒಳ್ಳೆಯ ತಾಯಂದಿರು ಎಂದೂ ತಪ್ಪುವುದಿಲ್ಲ ಎಂಬ ನಂಬಿಕೆಯನ್ನು ಬಿಡಿ. ಮನೋವಿಜ್ಞಾನಿ ಎಡ್ವರ್ಡ್ ಟ್ರೋನಿಕ್ ಅವರು ತಾಯಿ ಮತ್ತು ಎಳೆಗೂಸುಗಳ ಮುಖಾಮುಖಿ ಆಟವನ್ನು ಚಿತ್ರೀಕರಿಸಿ ನೋಡಿದಾಗ, ಆರೋಗ್ಯವಂತ ಜೋಡಿಗಳಲ್ಲಿ ಕೂಡ ಇಬ್ಬರ ಭಾವ ಸರಿಯಾಗಿ ಹೊಂದಿಕೊಂಡಿದ್ದದ್ದು ಸುಮಾರು ಶೇ 30ರಷ್ಟು ಹೊತ್ತು ಮಾತ್ರ. ಉಳಿದ ಹೊತ್ತೆಲ್ಲ ತಪ್ಪುವುದು, ಮತ್ತೆ ಸರಿಪಡಿಸಿಕೊಳ್ಳುವುದು ನಡೆದಿತ್ತು. ಮಗುವಿನಲ್ಲಿ ನಂಬಿಕೆ ಬೆಳೆಯುವುದು ಈ ಸರಿಪಡಿಕೆಯಿಂದಲೇ. ಇಂದೇ ಅವನ ಎತ್ತರಕ್ಕೆ ಕುಳಿತು ಹೇಳಿ: "ಮೊನ್ನೆ ಅಮ್ಮ ಜೋರಾಗಿ ಕೂಗಿದೆ. ಅದು ನಿನ್ನ ತಪ್ಪಲ್ಲ, ನನ್ನದು. ನಿನಗೆ ಹೆದರಿಕೆಯಾಗಿರಬೇಕು." ಅಲ್ಲಿಗೇ ನಿಲ್ಲಿಸಿ, "ಆದರೆ ನೀನೂ ಹಾಗೆ ಮಾಡಬಾರದಿತ್ತು" ಎಂದು ಸೇರಿಸಬೇಡಿ, ಅವನು ನಿಮ್ಮನ್ನು ಸಮಾಧಾನಪಡಿಸಲಿ ಎಂದೂ ಕಾಯಬೇಡಿ. ಕೈ ಎತ್ತುವ ಹಂತಕ್ಕೆ ಎಂದಾದರೂ ಬಂದಿದ್ದರೆ, ಅಥವಾ ಬರಬಹುದೆಂಬ ಭಯವಿದ್ದರೆ, ತಡಮಾಡದೆ ಚಿಕಿತ್ಸಕರ ಬಳಿ ಹೋಗಿ.

ಪ್ರಶ್ನೆ: ಚಿಕಿತ್ಸೆ ಎಂದರೆ ನಿಜವಾಗಿ ಏನು ಮಾಡುತ್ತಾರೆ? ಎಷ್ಟು ದಿನ? ಮಾತ್ರೆ ಬೇಕೇ? ಎಲ್ಲವನ್ನೂ ಮೊದಲ ದಿನವೇ ಹೇಳಬೇಕೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಬೇಡ. ಮೊದಲ ಭೇಟಿಯಲ್ಲಿಯೇ ಎಲ್ಲವನ್ನೂ ಹೊರಹಾಕುವಂತೆ ಒತ್ತಾಯಿಸುವವರ ಬಳಿ ಎರಡನೆಯ ಸಲ ಹೋಗಬೇಡಿ. ಮನೋವೈದ್ಯೆ ಜೂಡಿತ್ ಹರ್ಮನ್ 1992ರಲ್ಲಿ ವಿವರಿಸಿದ ಮೂರು ಹಂತಗಳನ್ನು ಇಂದಿಗೂ ಬಹಳ ಚಿಕಿತ್ಸಕರು ಅನುಸರಿಸುತ್ತಾರೆ; ಮೊದಲು ಸುರಕ್ಷತೆ, ಅನಂತರ ನೆನಪು ಮತ್ತು ಶೋಕ, ಕೊನೆಗೆ ಜನರೊಡನೆ ಮತ್ತೆ ಬೆರೆಯುವುದು. ನಿದ್ದೆ, ಊಟ, ನೆಮ್ಮದಿಯ ವಾಸಸ್ಥಳ ಒಂದು ಹದಕ್ಕೆ ಬರುವ ಮೊದಲು ಹಳೆಯದನ್ನು ಕೆದಕಿದರೆ ಗಾಯದ ಮೇಲೆ ಬರೆ ಎಳೆದಂತಾಗುತ್ತದೆ. ದೌರ್ಜನ್ಯ ಇನ್ನೂ ನಡೆಯುತ್ತಿದ್ದರೆ ಅದರಿಂದ ಹೊರಬರುವುದೇ ಮೊದಲ ಚಿಕಿತ್ಸೆ. ಈ ಮೂರು ಹಂತಗಳು ಮೆಟ್ಟಿಲಿನಂತೆ ನೇರವಾಗಿರುವುದಿಲ್ಲ, ಹಿಂದೆ ಮುಂದೆ ಆಗುತ್ತಿರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ 11ನೆಯ ರೋಗ ವರ್ಗೀಕರಣ 2022ರ ಜನವರಿಯಲ್ಲಿ ಜಾರಿಗೆ ಬಂತು. ಆಘಾತದ ನಂತರ ಬಹುಕಾಲ ಉಳಿಯುವ ಒತ್ತಡದ ಕಾಯಿಲೆಗೆ ಪಿಟಿಎಸ್‌ಡಿ ಎನ್ನುತ್ತಾರೆ; ಅದರ ಜೊತೆಗೆ ಈ ವರ್ಗೀಕರಣದಲ್ಲಿ ಸಂಕೀರ್ಣ ಪಿಟಿಎಸ್‌ಡಿ ಎಂಬ ಪ್ರತ್ಯೇಕ ಹೆಸರಿದೆ. ಘಟನೆ ಮತ್ತೆ ನಡೆಯುತ್ತಿದೆ ಎನ್ನಿಸುವುದು, ಅದನ್ನು ನೆನಪಿಸುವುದರಿಂದ ದೂರ ಓಡುವುದು, ಸದಾ ಅಪಾಯ ಕಾದಿದೆ ಎನ್ನಿಸುವುದು ಇವುಗಳ ಜೊತೆಗೆ, ಭಾವನೆಗಳು ಹಿಡಿತಕ್ಕೆ ಸಿಗದಿರುವುದು, ತಾನು ಕೆಲಸಕ್ಕೆ ಬಾರದವನು ಎಂಬ ಬಲವಾದ ನಂಬಿಕೆ, ಜನರೊಡನೆ ಹತ್ತಿರವಾಗಲು ಆಗದಿರುವುದು ಇದರ ಲಕ್ಷಣಗಳು. ದೀರ್ಘಕಾಲದ ಬಾಲ್ಯದ ಆಘಾತವನ್ನು ಅನುಭವಿಸಿದವರಲ್ಲಿ ಹಲವರು ಇದನ್ನು ಓದಿ, ತಮ್ಮ ಸ್ವಭಾವವೆಂದು ತಿಳಿದಿದ್ದಕ್ಕೆ ಒಂದು ಹೆಸರಿದೆಯೆಂದು ಅತ್ತದ್ದುಂಟು.

ಪಿಟಿಎಸ್‌ಡಿ ಇರುವ ವಯಸ್ಕರಿಗೆ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿದ ವಿಧಾನಗಳಲ್ಲಿ ಎರಡು ಹೆಚ್ಚು ಪ್ರಚಲಿತ. ಒಂದು, ಆಘಾತಕ್ಕೆಂದೇ ರೂಪಿಸಿದ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ಬದಲಿಸುವ ಮಾತಿನ ಚಿಕಿತ್ಸೆ. ಇದರಲ್ಲಿ ನೆನಪನ್ನು ಸುರಕ್ಷಿತವಾಗಿ, ಸ್ವಲ್ಪ ಸ್ವಲ್ಪವಾಗಿ ಎದುರಿಸುತ್ತ, "ನನ್ನ ತಪ್ಪಿನಿಂದಲೇ ಆಯಿತು" ಎಂಬಂಥ ನಂಬಿಕೆಗಳನ್ನು ಪರೀಕ್ಷಿಸಲಾಗುತ್ತದೆ. ಇನ್ನೊಂದು ಇಎಂಡಿಆರ್, ನೆನಪನ್ನು ಮನಸ್ಸಿನಲ್ಲಿಟ್ಟುಕೊಂಡು ಚಿಕಿತ್ಸಕರ ಬೆರಳಿನ ಚಲನೆಯನ್ನು ಕಣ್ಣಿನಿಂದ ಹಿಂಬಾಲಿಸುವ ಈ ವಿಧಾನವನ್ನು ಫ್ರಾನ್ಸಿನ್ ಶಪಿರೊ 1980ರ ದಶಕದ ಕೊನೆಯಲ್ಲಿ ರೂಪಿಸಿದರು. ಎರಡರಲ್ಲಿಯೂ ನಡೆಯುವುದು ಮೊದಲ ಪತ್ರಕ್ಕೆ ನಾನು ಬರೆದ ತಾರೀಖಿನ ಕೆಲಸವೇ ಎಂದು ನನ್ನ ತಿಳಿವಳಿಕೆ. ಆಘಾತ ಕೇಂದ್ರಿತ ಸಿಬಿಟಿಗೆ ಸಾಮಾನ್ಯವಾಗಿ 8ರಿಂದ 12 ಭೇಟಿಗಳು ಬೇಕಾಗುತ್ತವೆ ಎಂದು ಚಿಕಿತ್ಸೆಗಳಿಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಸೂಚಿ ಹೇಳುತ್ತದೆ. ಹಲವು ಆಘಾತಗಳನ್ನು ಕಂಡವರಿಗೆ ಇನ್ನೂ ಹೆಚ್ಚು ಬೇಕಾಗಬಹುದು ಎಂದೂ ಸೇರಿಸುತ್ತದೆ. ವರ್ಷಗಟ್ಟಲೆ ನಡೆದದ್ದಕ್ಕೆ ವರ್ಷವೊಂದು ಹಿಡಿದರೆ ಧೈರ್ಯಗೆಡಬೇಡಿ.

ಮಾತ್ರೆ ಎಲ್ಲರಿಗೂ ಬೇಕಿಲ್ಲ. ಖಿನ್ನತೆ, ಆತಂಕ ತೀವ್ರವಾಗಿದ್ದಾಗ ಸರ್ಟ್ರಲೀನ್‌ನಂಥ ಔಷಧಿಗಳು ಮಾತಿನ ಚಿಕಿತ್ಸೆಗೆ ಕುಳಿತುಕೊಳ್ಳುವ ಶಕ್ತಿ ಕೊಡುತ್ತವೆ; ಅದನ್ನು ಮನೋವೈದ್ಯರು ನಿರ್ಧರಿಸಬೇಕು. ನಿದ್ದೆಗೆ, ಆತಂಕಕ್ಕೆ ಕೊಡುವ ಬೆಂಜೊಡಯಾಜೆಪೀನ್ ವರ್ಗದ ಮಾತ್ರೆಗಳನ್ನು ಬಹುಕಾಲ ತೆಗೆದುಕೊಂಡರೆ ಅವು ಬಿಡಲಾಗದ ಅಭ್ಯಾಸವಾಗಬಹುದು. ಈಗಾಗಲೇ ತೆಗೆದುಕೊಳ್ಳುತ್ತಿರುವವರು ಮಾತ್ರ ತಾವಾಗಿಯೇ ಹಠಾತ್ತನೆ ನಿಲ್ಲಿಸಬಾರದು. ಬದುಕುವುದೇ ಬೇಡ ಎಂಬ ಯೋಚನೆ ಬರುತ್ತಿದ್ದರೆ ಮುಂದಿನ ಭೇಟಿಗೆ ಕಾಯದೆ ಇಂದೇ ಹತ್ತಿರದ ಆಸ್ಪತ್ರೆಗೆ ಹೋಗಿ, ಒಂಟಿಯಾಗಿರಬೇಡಿ.

ಪ್ರಶ್ನೆ: ನನ್ನ ಹೆಂಡತಿ ಚಿಕ್ಕಂದಿನಲ್ಲಿ ತುಂಬ ಅನುಭವಿಸಿದ್ದಾಳೆ ಎಂದಷ್ಟೇ ಗೊತ್ತು. ಹಿಂದಿನಿಂದ ಹೆಗಲು ಮುಟ್ಟಿದರೆ ಚೀರುತ್ತಾಳೆ, ಆಮೇಲೆ ಕ್ಷಮೆ ಕೇಳುತ್ತ ಅಳುತ್ತಾಳೆ. ಏನಾಯಿತೆಂದು ಕೇಳಲೇ, ಬೇಡವೇ? ನಾನೇನು ಮಾಡಲಿ?

ಉತ್ತರ: ಏನಾಯಿತೆಂದು ಕೇಳಬೇಡಿ. "ಹೇಳಬೇಕೆನ್ನಿಸಿದಾಗ ಹೇಳು, ಹೇಳದಿದ್ದರೂ ಸರಿ" ಎಂದು ಒಮ್ಮೆ ಹೇಳಿ ಸುಮ್ಮನಾಗಿ. ಎಂದಾದರೂ ಹೇಳಿದಾಗ ಅರ್ಧದಲ್ಲಿ ಸಿಟ್ಟಾಗಬೇಡಿ, ಅಪರಾಧಿಯ ಮೇಲಿನ ಸಿಟ್ಟಾದರೂ ಸರಿಯೆ. ನಿಮ್ಮ ಸಿಟ್ಟನ್ನು ಸಂಭಾಳಿಸುವ ಕೆಲಸವೂ ಆಕೆಯ ಪಾಲಿಗೆ ಬಂದುಬಿಡುತ್ತದೆ. ಆ ಚೀರು ನಿಮ್ಮನ್ನು ಕುರಿತದ್ದಲ್ಲ ಎಂದು ನೀವು ನಂಬಿದರೆ, ಆಕೆ ಕ್ಷಮೆ ಕೇಳುವುದು ತಾನಾಗಿ ಕಡಿಮೆಯಾಗುತ್ತದೆ.

ಮಾಡಬೇಕಾದದ್ದು ಬಹಳ ಸರಳವಾದದ್ದು, ಮತ್ತು ಅದನ್ನು ದಿನವೂ ತಪ್ಪದೆ ಮಾಡಬೇಕು. ಹಿಂದಿನಿಂದ ಹೋಗಬೇಡಿ. ಕೋಣೆಗೆ ಬರುವ ಮೊದಲು ಹೊರಗಿನಿಂದಲೇ ಹೆಸರು ಹಿಡಿದು ಕರೆಯಿರಿ, ಆಕೆ ತಿರುಗಿ ನೋಡುವವರೆಗೆ ನಿಲ್ಲಿ. ಮುಟ್ಟುವ ಮೊದಲು ಕೇಳಿ; ಬೇಡ ಎಂದಾಗ ಮುಖ ಸಣ್ಣದು ಮಾಡಿಕೊಳ್ಳಬೇಡಿ. ಬೇಡ ಎಂದದ್ದಕ್ಕೆ ಏನೂ ಕೆಟ್ಟದ್ದಾಗಲಿಲ್ಲ ಎಂಬ ಅನುಭವ ಆಕೆಗೆ ಬಹುಶಃ ಹೊಸದು; ಅದು ನೂರಾರು ಸಲ ಆಗಬೇಕು. ಯಾವ ಸ್ಪರ್ಶ ಹಿತ, ಯಾವ ಹೊತ್ತಿನಲ್ಲಿ ಹಿತ ಎಂಬುದನ್ನು ಇಬ್ಬರೂ ನೆಮ್ಮದಿಯಾಗಿರುವಾಗ ಆಕೆಯನ್ನೇ ಕೇಳಿ ತಿಳಿದುಕೊಳ್ಳಿ. ಇವತ್ತು ಸಂಜೆ ಮನೆಗೆ ಹೋದಾಗ ಬಾಗಿಲಲ್ಲೇ ನಿಂತು ಒಮ್ಮೆ ಕರೆದು ನೋಡಿ.